ಸೋತ ಅರಸನ ಮಾತಿಗೆ ಒಡೆಯನಿಲ್ಲ

ಪುಸ್ತಕ ಬಂದದ್ದು ಬಸ್ಸಿನಲ್ಲಿ, ಮೀನಿನ ಬುಟ್ಟಿಯ ಪಕ್ಕ. ನಮ್ಮೂರ ಹೋಟೆಲಿನವರು ಕಟ್ಟು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, "ವಿದ್ಯೆಗೆ ಬಂಗುಡೆ ವಾಸನೆ ಮಾರಾಯ್ರೆ" ಎಂದರೆಂದು ನನ್ನ ನೆನಪು. ಅವರು ನಿಜಕ್ಕೂ ಹಾಗೆಂದರೋ, ಈ ಕತೆಯನ್ನು ಅಲ್ಲಿ ಇಲ್ಲಿ ಹೇಳುವಾಗ ನಾನೇ ಸೇರಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪಿನ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಆದರೆ ಪುಸ್ತಕ ಬಂದದ್ದು ನಿಜ, ಅದರ ಮೊದಲ ಪುಟದಲ್ಲಿದ್ದ ಎಚ್ಚರಿಕೆಯೂ ನಿಜ.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯಲ್ಲಿ ನಮ್ಮೂರು. ಕೊಡಗು ಆಗ ಪ್ರತ್ಯೇಕ ರಾಜ್ಯ, ಇಬ್ಬರೇ ಮಂತ್ರಿಗಳಿದ್ದ ರಾಜ್ಯ. ಘಟ್ಟ ಇಳಿದರೆ ಮದರಾಸು ಶುರುವಾಗುತ್ತಿತ್ತು. ನಾನು ಬಿ.ಎ. ಮುಗಿಸಿ, ಒಂದು ವರ್ಷ ಲಾ ಓದಿ ಬಿಟ್ಟು, ಅಮ್ಮತ್ತಿ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ, ಅದನ್ನೂ ಬಿಟ್ಟು, ತಾಯಿಯ ಅಣ್ಣನ ಮನೆಯಲ್ಲಿ ಕೂತಿದ್ದೆ. ಮುಂದೇನು ಎಂದು ಕೇಳಿದವರೊಡನೆಲ್ಲ ಜಗಳಕ್ಕೆ ನಿಲ್ಲುತ್ತಿದ್ದ ಕಾಲ ಅದು. ಮಾವ ಮಾತ್ರ ಕೇಳಲಿಲ್ಲ. ಅವರಿಗೆ ಕೇಳುವ ಅಭ್ಯಾಸವೇ ಇರಲಿಲ್ಲ, ಹೇಳುವುದೊಂದೇ. ಸ್ವಲ್ಪ ಕಾಫಿ, ಸ್ವಲ್ಪ ಕಿತ್ತಳೆ, ಊರಿಗೆಲ್ಲ ಕೇಳಿಸುವ ಗಂಟಲು, ಇದಿಷ್ಟು ಅವರ ಆಸ್ತಿ. ಆ ಗಂಟಲಿಗೆ ವರ್ಷವಿಡೀ ಕಾಯುವ ಕೆಲಸವೆಂದರೆ ಮಳೆಗಾಲದ ತಾಳಮದ್ದಳೆ.

ನೋಡದವರಿಗಾಗಿ ಹೇಳುತ್ತೇನೆ. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಳೆಯ ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಹಾಡು ನಿಂತ ಕೂಡಲೇ ಪಾತ್ರ ವಹಿಸಿದವನು, ಅಂದರೆ ಅರ್ಥಧಾರಿ, ಕೂತಲ್ಲಿಂದಲೇ ಆ ಪದ್ಯದ ಅರ್ಥವನ್ನು ಸ್ವಂತ ಮಾತಿನಲ್ಲಿ ಬೆಳೆಸಬೇಕು. ಎದುರು ಕೂತವನು ಅದನ್ನು ಕತ್ತರಿಸಬೇಕು. ಪದ್ಯ ಎಂದೋ ಸತ್ತವರದ್ದು, ಮಾತು ಅವತ್ತಿನದು. ನಾಳೆ ಅದೇ ಪದ್ಯಕ್ಕೆ ಬೇರೆ ಮಾತು. ಗದ್ದೆ ಕೆಲಸ ಮುಗಿದ ಮೇಲೆ ಬರುವ ಭಾನುವಾರಗಳಂದು, ಮಧ್ಯಾಹ್ನದ ಊಟ ಮುಗಿಸಿ, ನಮ್ಮೂರ ಶಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ಕೂಟ ನಡೆಸುತ್ತಿದ್ದರು. ಭಾಗವತರು ನಮ್ಮ ಹೋಟೆಲಿನವರೇ. ಕರಾವಳಿಯಿಂದ ಬಂದು ನೆಲೆಸಿದವರು. ದೋಸೆ ಹುಯ್ಯುವಾಗಲೂ ರಾಗ ಬಿಡುತ್ತಿರಲಿಲ್ಲ.

ಆ ಸೀಮೆಗೆಲ್ಲ ಪ್ರಿಯವಾದ ಪ್ರಸಂಗ ಒಂದಿತ್ತು. ರಾಜ್ಯ ಕಳೆದುಕೊಂಡು ಸೆರೆಸಿಕ್ಕಿದ ಅರಸ, ಗೆದ್ದು ಅವನ ಸಿಂಹಾಸನದಲ್ಲಿ ಕೂತ ಅರಸ, ಇಬ್ಬರ ನಡುವಿನ ವಾದವೇ ಅದರ ಜೀವ. ಬರೆದ ಕವಿ ಕೊನೆಯ ಪದ್ಯದಲ್ಲಿ ತನ್ನೂರ ದೇವರ ಹೆಸರು ಹಾಕಿ ತನ್ನ ಹೆಸರನ್ನು ಬಿಟ್ಟಿದ್ದ. ಹೋಟೆಲಿನವರ ಅಪ್ಪ, ಅಪ್ಪನ ಗುರು, ಗುರುವಿನ ಗುರು ಎಲ್ಲರೂ ಅದನ್ನೇ ಹಾಡಿದವರು. ಅತ್ತೆ ಕಾಫಿ ಹರವುವಾಗ ಅದರ ಪದ್ಯಗಳನ್ನು ಗುನುಗುತ್ತಿದ್ದರು, ಮರೆತ ಕಡೆ ಮನೆಯ ಆಕಳುಗಳ ಹೆಸರು ಸೇರಿಸಿ. ಅಮ್ಮತ್ತಿಯ ಎಸ್ಟೇಟಿನಲ್ಲಿ ಮಲಯಾಳಿ ಲಾರಿ ಕ್ಲೀನರನೊಬ್ಬ ಅದೇ ಧಾಟಿಯನ್ನು ಶಿಳ್ಳೆಯಲ್ಲಿ ಊದುತ್ತ ಟೈರು ತೊಳೆಯುತ್ತಿದ್ದ. ಎಲ್ಲಿ ಕಲಿತೆ ಎಂದರೆ, ಕಲಿತದ್ದಲ್ಲ, ಗಾಳಿಯಲ್ಲಿ ಬಂತು ಎಂದ. ನನಗೆ ದೇವರಲ್ಲಿ ನಂಬಿಕೆಯಿಲ್ಲ, ಪುರಾಣದಲ್ಲೂ ಇಲ್ಲ. ಆದರೂ ಆ ಪದ್ಯಗಳು ಶುರುವಾದರೆ ನಾನು ಕಿಟಕಿಯ ಪಕ್ಕದ ಜಾಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಸೋತ ಅರಸನ ಪಾತ್ರ ಮಾವನದ್ದು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅವರದ್ದೇ. ಗೆದ್ದ ಅರಸ "ನಿನ್ನದೆನ್ನಲು ಇನ್ನೇನು ಉಳಿದಿದೆ?" ಎಂದು ಕೆಣಕಿದಾಗ ಮಾವ ಹೇಳುವ ಮಾತೊಂದಿತ್ತು: "ನನ್ನ ಸಿಂಹಾಸನದಲ್ಲಿ ಕೂತಿರುವೆ. ಕೂತವನಿಗೆ ಏಳಬೇಕಾದೀತೆಂಬ ಭಯ. ನಿಂತವನಿಗೆ ಯಾವ ಭಯ?" ಆ ಮಾತು ಬರುವ ಮೊದಲೇ ಜನ ಎಲೆಯಡಿಕೆ ಪಕ್ಕಕ್ಕಿಟ್ಟು ಕಾಯುತ್ತಿದ್ದರು.

ಪುಸ್ತಕ ಬಂದ ದಿನ ಹೋಟೆಲಿನವರು ಅದನ್ನು ಮಾವನ ಮುಂದೆ ತಳ್ಳಿದರು. "ಗೌಡ್ರೆ, ಎಂತ ಮಾಡುದು ಈಗ?"

"ಎಂಥ ಮಾಡ್ದು? ಚಾ ಮಾಡಿ."

"ತಮಾಷೆ ಅಲ್ಲ. ಇದ್ರಲ್ಲಿ ನಿಮ್ಮ ಆ ಮಾತು ಉಂಟು. ಕೂತವ, ನಿಂತವ. ಅಚ್ಚಾಗಿದೆ."

ಪುಸ್ತಕ ಬರೆದವರು ಘಟ್ಟದ ಕೆಳಗಿನ ಹೆಸರಾಂತ ಅರ್ಥಧಾರಿ. ನಮ್ಮ ಪ್ರಸಂಗದ ಪದ್ಯಗಳನ್ನೂ ಅವಕ್ಕೆ ತಾವು ಹೇಳುವ ಅರ್ಥವನ್ನೂ ಸೇರಿಸಿ ಅಚ್ಚು ಹಾಕಿಸಿದ್ದರು. ಮೊದಲ ಪುಟದಲ್ಲಿ, ಈ ಪುಸ್ತಕದ ಪದ್ಯ, ಅರ್ಥ, ಸಂಭಾಷಣೆ ಯಾವುದನ್ನೂ ಕರ್ತೃವಿನ ಅಪ್ಪಣೆಯಿಲ್ಲದೆ ಯಾವ ಕೂಟದಲ್ಲೂ ಬಳಸಕೂಡದು, ತಪ್ಪಿದರೆ ಕೋರ್ಟಿಗೆ ಎಳೆಯಲಾಗುವುದು ಎಂದಿತ್ತು. ಅವರನ್ನೇ ಬರುವ ಭಾನುವಾರದ ಕೂಟಕ್ಕೆ, ಗೆದ್ದ ಅರಸನ ಪಾತ್ರಕ್ಕೆ ಹೋಟೆಲಿನವರು ಕರೆಸಿದ್ದರು. ಆ ಅರ್ಥಧಾರಿ ಪುಸ್ತಕದ ಜೊತೆ ಒಂದು ಮಾತನ್ನೂ ಹೇಳಿ ಕಳಿಸಿದ್ದರಂತೆ: ತನ್ನ ಪುಸ್ತಕದಲ್ಲಿದ್ದದ್ದನ್ನು ಬೇರೆಯವರು ಆಡಿದರೆ ತಾನು ಅಲ್ಲಿಂದಲೇ ಎದ್ದು ಬಸ್ಸು ಹತ್ತುತ್ತೇನೆ.

"ಈ ಸಲ ನೀವು ಮಂತ್ರಿ ಮಾಡಿ ಗೌಡ್ರೆ," ಎಂದರು ಹೋಟೆಲಿನವರು, ಲೋಟ ಒರೆಸುತ್ತ. "ಸೋತ ಅರಸನಿಗೆ ಅವ್ರೇ ಶಿಷ್ಯನನ್ನು ಕರ್ಕೊಂಡು ಬರ್ತಾರಂತೆ."

ಮಂತ್ರಿಗೆ ಇದ್ದದ್ದು 'ಅಪ್ಪಣೆ' ಎನ್ನುವಷ್ಟು ಕೆಲಸ. ಮಾವನ ಮುಖ ನೋಡಲಾಗಲಿಲ್ಲ. "ಹಂಗಾರೆ ಪದ್ಯನೂ ಅವಂದಾ? ನಿಮ್ಮ ಅಪ್ಪ ಹಾಡ್ತಿದ್ದ ಪದ್ಯ?"

"ಅಚ್ಚಾಗಿದೆ ಅಲ್ವಾ..."

ನಮ್ಮ ಕಡೆಯವರ ತಪ್ಪು ಇಲ್ಲಿತ್ತು. ಬಾಯಲ್ಲಿ ಇರುವ ತನಕ ಯಾವುದಕ್ಕೂ ಒಡೆಯನಿಲ್ಲ ಎಂದು ಗೊತ್ತಿದ್ದವರು, ಅದೇ ಕಾಗದದ ಮೇಲೆ ಬಂದ ಕೂಡಲೇ ಟೋಪಿ ತೆಗೆದು ನಿಲ್ಲುತ್ತಿದ್ದರು. ಅಚ್ಚಾದದ್ದಕ್ಕೆ ಯಾರೋ ಒಬ್ಬ ಯಜಮಾನ ಇರಲೇಬೇಕು. ನನಗೆ ಮೈ ಉರಿಯಿತು. ಒಂದು ವರ್ಷದ ಲಾ ಅಷ್ಟರಮಟ್ಟಿಗಾದರೂ ಉಪಯೋಗಕ್ಕೆ ಬರಲಿ ಎಂದು ಹೇಳಿದೆ: ಬರೆದವನು ಬದುಕಿರುವ ತನಕ ಹಕ್ಕು ಅವನದ್ದು, ಸತ್ತ ಮೇಲೆ ಐವತ್ತು ವರ್ಷ ಅವನ ಮನೆಯವರದ್ದು. ಆಮೇಲೆ ಅದು ಎಲ್ಲರದ್ದು. ಈ ಕವಿ ಸತ್ತು ಎಷ್ಟು ತಲೆಮಾರು ಆಯಿತೋ ಯಾರಿಗೂ ಗೊತ್ತಿಲ್ಲ.

"ಎಲ್ಲರದ್ದು ಅಂದ್ರೆ ಸರ್ಕಾರದ್ದಾ?" ಹೋಟೆಲಿನವರು ಕೇಳಿದರು.

"ಅಲ್ಲ. ನಿಮ್ಮದು."

"ನನ್ನದಾ!"

"ನಿಮ್ಮದು, ನನ್ನದು, ಅಗೋ ಅಲ್ಲಿ ಬೀಡಿ ಸೇದ್ತಿರೋ ಬಸ್ ಡ್ರೈವರದ್ದು."

"ಹಾಗಾದ್ರೆ ಅಪ್ಪಣೆ ಕೇಳುದು ಯಾರತ್ರ?"

"ಯಾರತ್ರವೂ ಕೇಳ್ಬೇಕಾಗಿಲ್ಲ."

ಇದರಿಂದ ಅವರ ಗಾಬರಿ ಇಳಿಯಲಿಲ್ಲ, ಏರಿತು. ಕೇಳಲು ಯಾರೂ ಇಲ್ಲದ ಪದಾರ್ಥವನ್ನು ಹೇಗೆ ಮುಟ್ಟುವುದು ಎಂಬ ಮುಖ. ಮಾವ ಮೇಜು ಗುದ್ದಿದರು. "ನಮ್ಮದ್ ಬೇರೆ ರಾಜ್ಯ! ಅವನ ಕಾನೂನ್ ಸಂಪಾಜೆ ಗೇಟ್‌ಲೇ ನಿಲ್ಲೊಕು!" ಕಾನೂನು ಎರಡೂ ಕಡೆ ಒಂದೇ ಎಂದು ನಾನು ಹೇಳಲಿಲ್ಲ. ಕೆಲವು ಸಲ ತಪ್ಪು ವಾದಕ್ಕೇ ಹೆಚ್ಚು ಶಕ್ತಿ ಇರುತ್ತದೆ.

"ಮಾವ, ನೀವು ಅರಸನ ಜಾಗಲೇ ಕುದ್ರಿ," ಎಂದೆ. "ಬಾಕಿದ್ ನಂಗಿರ್ಲಿ."

ಮನೆಯಲ್ಲಿ ಅತ್ತೆ ನಕ್ಕರು. "ನಿಮ್ಮ ಮಾತ್ ಅಚ್ಚಾಗಿ ಬಂತಲ್ಲಾ. ಕುಶಿ ಪಡೊಕು."

"ಅವನ ಹೆಸ್ರಲಿ ಬಂದುಟ್ಟು!"

ಆ ವಾರವೆಲ್ಲ ಮಾವ ಬಚ್ಚಲಲ್ಲೂ ಹಟ್ಟಿಯಲ್ಲೂ ಅದೇ ಮಾತನ್ನು ಹೇಳಿಕೊಳ್ಳುತ್ತಿದ್ದರು, ಕಳವಾದ ಒಡವೆಯನ್ನು ಮತ್ತೆ ಮತ್ತೆ ತಡಕುವವರ ಹಾಗೆ. ನನ್ನೊಳಗೆ ಬೇರೆಯೇ ಒಂದು ಯೋಚನೆ ಓಡುತ್ತಿತ್ತು. ಕಾಲೇಜಿನ ಲೈಬ್ರರಿಯಲ್ಲಿ ನಾನು ಓದಿದ ಒಂದು ಹಳೆಯ ಇಂಗ್ಲಿಷ್ ನಾಟಕದಲ್ಲಿ ಇಂಥದ್ದೇ ಮಾತು ಇತ್ತು ಎಂದು ನನಗೆ ಖಚಿತವಾಗಿತ್ತು. ರಜೆಯಲ್ಲಿ ಬಂದಾಗ ಕಾಫಿ ಗಿಡಗಳ ಬೇಡದ ಚಿಗುರು ಕೀಳುತ್ತ ನಾನೇ ಆ ನಾಟಕದ ಕತೆಯನ್ನು ಮಾವನಿಗೆ ಹೇಳಿದ್ದೆ. ಮಾವನಿಂದ ಯಾವುದೋ ಕೂಟದಲ್ಲಿ ಪುಸ್ತಕ ಬರೆದ ಆ ಕರಾವಳಿಯವರ ಕಿವಿಗೆ ಬಿದ್ದಿರಬೇಕು. ಅಂದರೆ ಮೂಲ ಇಬ್ಬರದ್ದೂ ಅಲ್ಲ, ಮುನ್ನೂರು ವರ್ಷದ ಹಿಂದೆ ಸತ್ತವನದ್ದು. ಇದಕ್ಕಿಂತ ಒಳ್ಳೆಯ ತೀರ್ಪು ಬೇಕೇ?

ಭಾನುವಾರ ಕರಾವಳಿಯ ಅರ್ಥಧಾರಿ ಬಸ್ಸಿಳಿದರು. ನಾನು ಕಲ್ಪಿಸಿಕೊಂಡ ಹಾಗೆ ಇರಲಿಲ್ಲ. ಸಣಕಲು ಮೈ, ಒಂದು ಕಡೆ ದಾರ ಕಟ್ಟಿದ ಕನ್ನಡಕ, ಹಿಂದೆ ಕೊಡೆ ಹಿಡಿದ ಶಿಷ್ಯ. ಹೋಟೆಲಿನಲ್ಲಿ ಕಾಫಿಗೆ ಕೂತಾಗ ನಾನು ಪುಸ್ತಕ ತೆರೆದು ಮೊದಲ ಪುಟ ತೋರಿಸಿದೆ. "ಪದ್ಯಗಳು ನಿಮ್ಮದೇ?"

"ಛೆ, ಪದ್ಯ ನಂದಲ್ಲ," ಎಂದರು ಅವರು, ನೇರವಾಗಿ. "ಅದು ಪ್ರೆಸ್ಸಿನವ ಸೇರಿಸಿದ್ದು. ಎಲ್ಲ ಪುಸ್ತಕಕ್ಕೂ ಅದನ್ನೇ ಹಾಕ್ತಾನಂತೆ. ಆದ್ರೆ ಅರ್ಥ ನಂದು. ನೀವು ಕಲಿತವರು, ನೀವೇ ಹೇಳಿ. ನಾನು ಊರೂರು ತಿರುಗಿ ಒಂದು ಮಾತು ಹುಟ್ಟಿಸುದು, ಮುಂದಿನ ವಾರ ಅದು ಇನ್ನೊಬ್ಬನ ಬಾಯಲ್ಲಿ. ಆಮೇಲೆ ನಾನೇ ಹೇಳಿದ್ರೆ, 'ಇವ್ರು ಅವ್ರದ್ದು ಕದ್ದದ್ದು' ಅಂತ ಜನ ನನಗೇ ಹೇಳುದು. ಹೊಟ್ಟೆ ಉರಿಯುದಿಲ್ವಾ?"

ಉರಿಯುತ್ತದೆ, ಒಪ್ಪಿದೆ. ನೀವು ಬರೆದ ವಾಕ್ಯಗಳನ್ನು ಬೇರೆಯವನು ಅಚ್ಚು ಹಾಕಿ ಮಾರಿದರೆ ನಾನೇ ನಿಮ್ಮ ಪರ ನಿಲ್ಲುತ್ತೇನೆ ಎಂದೆ. ಆದರೆ ಪದ್ಯಕ್ಕೆ ಬೇಲಿ ಹಾಕಬೇಡಿ, ಕತೆಗೆ ಹಾಕಬೇಡಿ, ಪಾತ್ರಕ್ಕೆ ಹಾಕಬೇಡಿ.

"ಹಾಕುದಿಲ್ಲ. ಕೂತವ, ನಿಂತವ ಮಾತ್ರ ನಂದು."

"ಅದ್ ನಂದ್," ಎಂದರು ಮಾವ.

"ನಿಮ್ದು ಹೇಗೆ ಮಾರಾಯ್ರೆ? ನಾನು ಪುತ್ತೂರಲ್ಲಿ ಹೇಳಿದ್ದು."

"ಪುತ್ತೂರ್ಲಿ ನೀವು ಹೇಳುವ ಮೊದ್ಲೇ ಇಲ್ಲಿ ನಾನ್ ಹೇಳಿ ಹಳ್ತಾಗುಟ್ಟು!"

ನಾನು ಎದ್ದು ನಿಂತು ನನ್ನ ತೀರ್ಪು ಕೊಟ್ಟೆ. ಇಂಗ್ಲಿಷ್ ನಾಟಕ, ಸತ್ತ ನಾಟಕಕಾರ, ಮುಗಿದುಹೋದ ಹಕ್ಕು. ಹಾಗಾಗಿ ಆ ಮಾತು ನಿಮ್ಮದೂ ಅಲ್ಲ, ನಿಮ್ಮದೂ ಅಲ್ಲ, ಎಲ್ಲರದ್ದು, ಇಬ್ಬರೂ ಧಾರಾಳವಾಗಿ ಆಡಿಕೊಳ್ಳಿ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಬಿಳಿಯವಂಗೆ ನಮ್ಮ ಅರಸನ ಕಷ್ಟ ಎಂಥ ಗೊತ್ತು?" ಎಂದರು ಮಾವ.

"ಅದೇ! ಇಂಗ್ಲೀಷಲ್ಲಿ ಈ ಮಾತು ನಿಲ್ತದಾ?" ಎಂದರು ಕರಾವಳಿಯವರು. "ಗೌಡ್ರೆ, ನಿಮ್ಮ ಅಳಿಯನಿಗೆ ಮದುವೆ ಆಗಿದ್ಯಾ?"

"ಇಲ್ಲೆ. ಅದೇ ತೊಂದರೆ."

ಹೋಟೆಲಿನವರು ಒಳಗೆ ಹೋಗಿ ಬಾಯಿಗೆ ಟವಲು ಹಿಡಿದು ನಕ್ಕರು. ಕದ್ದವನ ಮೇಲಿದ್ದ ಸಿಟ್ಟಿಗಿಂತ ಒಡೆಯನೇ ಇಲ್ಲ ಎಂದವನ ಮೇಲೆ ಅವರಿಬ್ಬರಿಗೂ ಹೆಚ್ಚು ಸಿಟ್ಟು ಬಂದಿತ್ತು. ಆದರೆ ಜಗಳ ಮುಗಿದಿರಲಿಲ್ಲ. ಮಾವ ಶಾಲೆಗೆ ನಡೆದು, ಯಾರನ್ನೂ ಕೇಳದೆ, ಸೋತ ಅರಸನಿಗೆ ಹಾಸಿದ್ದ ಚಾಪೆಯ ಮೇಲೆ ಕೂತರು. "ನಾನ್ ಇಲ್ಲೇ ಕುದ್ರುದು. ಬೇಕಾರೆ ಎಬ್ಸಿ." ಶಿಷ್ಯ ಗುರುವಿನ ಮುಖ ನೋಡಿದ. ಗುರು ಬಸ್ಸು ಹತ್ತಲಿಲ್ಲ. "ಕೂತ್ಕೊಳ್ಳಲಿ," ಎಂದರು, ಕನ್ನಡಕದ ದಾರ ಬಿಗಿ ಮಾಡುತ್ತ. "ಇವರ ಬಾಯಲ್ಲಿ ಎಂತ ಉಳೀತದೆ ನೋಡುವ." ಶಿಷ್ಯ ಮಂತ್ರಿಯಾದ.

ಕೂಟ ಏರಿತು. ಮಾವ ಚೆನ್ನಾಗಿಯೇ ನಡೆಸುತ್ತಿದ್ದರು. ಭಾಗವತರು ಆ ಪದ್ಯ ಎತ್ತಿಕೊಂಡರು, ಜನ ಎಲೆಯಡಿಕೆ ಕೆಳಗಿಟ್ಟರು. ಗೆದ್ದ ಅರಸ ಕೆಣಕಬೇಕಾದ ಜಾಗ ಅದು. ಕರಾವಳಿಯವರು ಕೆಣಕಿದರು, ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗ್ರಂಥದ ಕನ್ನಡದಲ್ಲಿ, ಜೇನು ಸುರಿದ ಹಾಗೆ ಹೇಳಿದರು: "ಕೂತವನಿಗೆ ಭಯ, ನಿಂತವನಿಗೆ ನಿರ್ಭಯ ಎಂದು ನೀನು ಈಗ ನುಡಿಯಲಿರುವೆ. ಸೋತವರೆಲ್ಲರೂ ನುಡಿದು ಸವೆದ ಮಾತು ಅದು. ಬಲು ಹಳತಾಯಿತು. ಹೊಸತೇನಾದರೂ ಇದೆಯೋ, ಅರಸಾ?"

ಮಾತನ್ನು ಅವರೇ ಮೊದಲು ಆಡಿಬಿಟ್ಟಿದ್ದರು. ಕೂಟದ ಕಟ್ಟಳೆಯಲ್ಲಿ ಅದು ತಪ್ಪಲ್ಲ, ಬಹಳ ದೊಡ್ಡ ಪಟ್ಟು. ಮಾವನ ಕೈಯಲ್ಲಿದ್ದದ್ದು ಆ ಒಂದೇ ಮಾತು. ಭಾಗವತರು ಮುಂದಿನ ಪದ್ಯ ಎತ್ತಿದ್ದರೆ ಮಾನ ಉಳಿಯುತ್ತಿತ್ತು. ಅವರು ತಾಳ ಹಿಡಿದು ಮಾವನನ್ನೇ ನೋಡುತ್ತಿದ್ದರು. ಇದು ಮಾವನ ಕೊನೆಯ ಕೂಟ ಎಂದು ನನಗೆ ಅನ್ನಿಸಿತು.

ಆಗ ಮಾವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರಿಗೆ ಗ್ರಂಥದ ಕನ್ನಡ ಬರುತ್ತಿರಲಿಲ್ಲ, ನಾವು ಗೌಡರು ಮನೆಯಲ್ಲಾಡುವ ಅರೆಭಾಷೆಯೇ ಬರುತ್ತಿತ್ತು. ಕೂಟದಲ್ಲಿ ದೂತನೋ ಹಾಸ್ಯದವನೋ ಊರ ಮಾತು ಆಡಬಹುದು. ಅರಸ ಆಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

"ಹಳ್ತ್‌ಂತ ಹೇಳ್ದಲ್ಲಾ," ಎಂದರು ಮಾವ. ಹಿಂದೆ ಕೂತವರು ಹಾಸ್ಯವೆಂದುಕೊಂಡು ನಕ್ಕರು. ಮಾವ ನಗೆ ಇಳಿಯುವ ತನಕ ಕಾದರು. "ನನ್ನ ಮಾತ್ ಹಳ್ತ್. ಸರಿ. ನೀ ಕುದ್ದ ಆ ಪೀಠ ಹೊಸ್ದಾ? ಅದೂ ಹಳ್ತೇ. ನನ್ನ ಅಜ್ಜ ಕುದ್ದದ್ದ್, ಅಜ್ಜನ ಅಜ್ಜ ಕುದ್ದದ್ದ್. ಹಳ್ತ್ ಬೇಡಾಂತಾದರೆ, ಮೊದ್ಲು ಅದರಿಂದ ಏಳ್!"

ಶಾಲೆಯ ಹೆಂಚು ಹಾರಿಹೋಗುತ್ತದೆಯೋ ಎನ್ನುವಂತೆ ಜನ ಕೂಗಿದರು. ಕಿಟಕಿಯಾಚೆ ನಿಂತಿದ್ದ ಹೆಂಗಸರು ಕಂಬಿ ಬಡಿದರು. ನನ್ನ ನೆನಪಿನಲ್ಲಿ ಕರಾವಳಿಯವರು ಚಾಪೆಯಿಂದ ಅರ್ಧ ಎದ್ದೇಬಿಟ್ಟರು. ಕಾಲು ಜೋಮು ಹಿಡಿದಿದ್ದಿರಬಹುದು. ಮಾವ ಅಷ್ಟೆಲ್ಲ ಮಾತು ಅರೆಭಾಷೆಯಲ್ಲಿ ಆಡಲೇ ಇಲ್ಲ, ಕೊನೆಯದೊಂದನ್ನು ಮಾತ್ರ ಆಡಿದ್ದು ಎಂದು ಅತ್ತೆ ಬದುಕಿರುವ ತನಕ ವಾದಿಸಿದರು. ಆಗ ಕಿಟಕಿಯ ಪಕ್ಕ ನಾನಿದ್ದೆ, ಅವರೂ ಇದ್ದರು. ಯಾರು ಸರಿ ಎಂದು ಈಗ ಕೇಳಲು ಯಾರೂ ಉಳಿದಿಲ್ಲ. ಆದರೆ ಹೋಟೆಲಿನವರು ತಾಳ ಕುಟ್ಟಿ ಮುಂದಿನ ಪದ್ಯ ಎತ್ತಿದಾಗ ಅವರ ಸ್ವರ ನಗೆಯಲ್ಲಿ ಒಡೆದದ್ದು ನನಗೆ ಗೊತ್ತಿದೆ. ಇದೊಂದನ್ನು ಯಾರು ಅಲ್ಲವೆಂದರೂ ನಾನು ಬಿಡುವುದಿಲ್ಲ.

ಸಂಜೆಯ ಬಸ್ಸಿಗೆ ಕಾಯುವಾಗ ಕರಾವಳಿಯವರು ಮಾವನ ಪಕ್ಕ ಬಂದು ನಿಂತರು. "ಗೌಡ್ರೆ, ಆ ಪೀಠದ ಮಾತು ನಾನು ತೆಕ್ಕೊಳ್ಬಹುದಾ?"

ಮಾವ ಎದೆ ಉಬ್ಬಿಸಿದರು. "ಕೂಟಲಿ ಬೇಕಾರೆ ಹೇಳಿ. ಬುಕ್ಕುಲಿ ಹಾಕುದಾದರೆ ನನ್ನ ಹೆಸ್ರ್ ಹಾಕೊಕು. ದೊಡ್ಡ ಅಕ್ಷರಲಿ."

ಮನೆಯ ತನಕ ನಾನು ಮಾವನೊಡನೆ ಜಗಳವಾಡಿದೆ. ಬೆಳಗ್ಗೆಯಿಂದ ಯಾರಿಗೂ ಹಕ್ಕಿಲ್ಲ ಎಂದು ನಿಮಗಾಗಿ ಬಾಯಿ ಒಣಗಿಸಿಕೊಂಡೆ, ಈಗ ನೀವೇ ಬೇಲಿ ಹಾಕುತ್ತೀರಾ ಎಂದೆ. ಅದು ಬೇರೆ, ಇದು ಬೇರೆ ಎಂದರು. ಹೇಗೆ ಬೇರೆ ಎಂದರೆ, "ನಾನ್ ಸತ್ತಿಲ್ಲೆಯಲ್ಲಾ ಹೈದ!" ಎಂದರು. ಒಂದು ವರ್ಷದ ಲಾದಲ್ಲಿ ನಾನು ಕಲಿತದ್ದೂ ಹೆಚ್ಚುಕಡಿಮೆ ಅಷ್ಟೇ.

ಆ ಇಂಗ್ಲಿಷ್ ನಾಟಕವನ್ನು ಆಮೇಲೆ ಹುಡುಕಿ ಓದಿದೆ, ಮೊದಲಿನಿಂದ ಕೊನೆಯ ತನಕ. ಅದರಲ್ಲಿ ಅಂಥ ಮಾತು ಇಲ್ಲ. ಸೋತ ಅರಸನೇ ಇಲ್ಲ. ಬೇರೆ ನಾಟಕವಿರಬಹುದೆಂದು ಇನ್ನೂ ಕೆಲವನ್ನು ತೆರೆದೆ, ಸಿಗಲಿಲ್ಲ. ಆ ಮಾತು ಮಾವನದ್ದೇ ಇರಬಹುದು. ಕರಾವಳಿಯವರದ್ದಿರಬಹುದು. ಅವರಿಬ್ಬರಿಗೂ ಮೊದಲು ಯಾವುದೋ ಶಾಲೆಯ ಬೆಂಚಿನ ಪಕ್ಕ ಕೂತು ಯಾರೋ ಆಡಿದ್ದಿರಬಹುದು. ನನಗೆ ಸೋಲಿನ ಭಾವ ಬರಬೇಕಿತ್ತು. ಬರಲಿಲ್ಲ. ನಾನು ಹೇಳಿದ ಸಾಕ್ಷಿ ಸುಳ್ಳಾದರೂ ವಾದ ಸುಳ್ಳಾಗಲಿಲ್ಲ. ಎಲ್ಲಿಂದ ಬಂತೆಂದು ಆಡಿದವರಿಗೇ ತಿಳಿಯದ ಮಾತಿಗೆ ಕಾವಲು ಹಾಕಲು ಹೊರಟವರು ಮೊದಲು ತಮ್ಮ ಕಿವಿಗಳನ್ನು ವಿಚಾರಿಸಿಕೊಳ್ಳಲಿ. ಇವತ್ತಿಗೂ ಹಳೆಯ ಪದ್ಯಗಳ ಯಾವುದಾದರೂ ಪುಸ್ತಕದ ಮೊದಲ ಪುಟದಲ್ಲಿ ಆ ಎಚ್ಚರಿಕೆ ಕಂಡರೆ ನಾನು ಒಳಗಿನ ಪದ್ಯವೊಂದನ್ನು ಅಂಗಡಿಯಲ್ಲಿ ನಿಂತೇ ಗಟ್ಟಿಯಾಗಿ ಓದುತ್ತೇನೆ. ಅಂಗಡಿಯವರು ನನ್ನನ್ನು ಏನೆಂದುಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟದ್ದು.

ಮರುವರ್ಷದ ಮಳೆಗಾಲಕ್ಕೆ ಕರಾವಳಿಯವರು ಬರಲಿಲ್ಲ, ಶಿಷ್ಯನನ್ನು ಕಳಿಸಿದರು. ಮಾವನಿಗೆ ಕೆಮ್ಮು ಹಿಡಿದಿತ್ತು. ಸೋತ ಅರಸನ ಚಾಪೆಯನ್ನು ಅವರೇ ಶಿಷ್ಯನಿಗೆ ತೋರಿಸಿ, ಹಿಂದೆ ಬೆಂಚಿನ ಪಕ್ಕ ಮಫ್ಲರ್ ಸುತ್ತಿ ಕೂತರು. ಆ ಜಾಗ ಬಂತು. ಶಿಷ್ಯ ಕೂತವ ನಿಂತವ ಎಂದ, ಜನ ತಲೆದೂಗಿದರು. ಆಮೇಲೆ, ಯಾರನ್ನೂ ಕೇಳದೆ, ಯಾರ ಹೆಸರನ್ನೂ ಎತ್ತದೆ, ಹುಟ್ಟಿನಿಂದ ತನ್ನದೇ ಎನ್ನುವ ಹಾಗೆ, ಪೀಠದ ಮಾತಿಗೆ ಕೈ ಹಾಕಿದ. ಅದೂ ಅರೆಭಾಷೆಯಲ್ಲಿ, ಅರ್ಧ ಕರಾವಳಿಯ ನಾಲಗೆಯಲ್ಲಿ, ಓಡೋಡಿ.

ಮಾವ ಎದ್ದು ನಿಂತದ್ದನ್ನು ನಾನು ನೋಡಿದೆ. ಮುಖ ಕೆಂಪಾಗಿತ್ತು. ಈಗ ಕೂಟ ಮುರಿಯುತ್ತಾರೆ ಎಂದುಕೊಂಡು ನಾನು ಅವರ ತೋಳು ಹಿಡಿಯಲು ಹೋದೆ. ಅವರು ನನ್ನ ಕೈ ಕೊಡವಿ, ಕೆಮ್ಮಿನ ನಡುವೆ, ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದರು:

"ಓಡ್ಬೇಡ ಮಾರಾಯ! 'ಏಳ್' ಹೇಳುವ ಮೊದ್ಲು ಒಂದ್ ಉಸ್ರು ತಕ್ಕೊ!"

ಶಿಷ್ಯ ನಿಲ್ಲಿಸಿದ. ಉಸಿರು ತೆಗೆದುಕೊಂಡ. ಹೇಳಿದ.